ತುಪ್ಪದ ದೀಪ

ಎ.ಎನ್. ಮೂರ್ತಿರಾಯರ ‘ದೇವರು’ ಓದಿ ಒಪ್ಪಿಕೊಂಡವಳು ನಾನು. 1900ರಲ್ಲಿ ಹುಟ್ಟಿದ ರಾಯರ ಈ ಪುಸ್ತಕ ಹೊರಬಂದದ್ದು 1991ರಲ್ಲಿ. ಬಹಳ ಮಂದಿ ದೇವರ ಕಡೆಗೆ ವಾಲುವ ವಯಸ್ಸಿನಲ್ಲಿ ಒಬ್ಬರು ಯಾರನ್ನೂ ಜರೆಯದೆ, ದನಿ ಏರಿಸದೆ, ತಮಗೇಕೆ ನಂಬಲಾಗುವುದಿಲ್ಲ ಎಂದು ಬಿಡಿಸಿ ಹೇಳುವುದು ನನಗೆ ಇವತ್ತಿಗೂ ದೊಡ್ಡ ಧೈರ್ಯವಾಗಿ ಕಾಣುತ್ತದೆ. ಸರ್ವಶಕ್ತನೂ ಕರುಣಾಳುವೂ ಆದವನ ಲೋಕದಲ್ಲಿ ಇಷ್ಟೊಂದು ಸಂಕಟ ಯಾಕೆ? ರಾಯರ ಈ ಪ್ರಶ್ನೆಗೆ ಮನಸ್ಸಿಗೆ ಒಪ್ಪುವ ಉತ್ತರ ನನಗೆ ಎಲ್ಲೂ ಸಿಕ್ಕಿಲ್ಲ.

ಆದರೂ ಸಂಜೆಯಾದರೆ ದೇವರ ಮುಂದೆ ದೀಪ ಹಚ್ಚುತ್ತೇನೆ. ಅಮ್ಮ ಇದ್ದಾಗ ಅವಳಿಗಾಗಿ ಎಂದುಕೊಂಡಿದ್ದೆ. ಅಮ್ಮ ಹೋದಳು, ದೀಪ ನಿಲ್ಲಲಿಲ್ಲ.

ಫ್ರಾನ್ಸಿನ ಗಣಿತಜ್ಞ ಪಾಸ್ಕಲ್ ಬರೆದಿಟ್ಟ ಟಿಪ್ಪಣಿಗಳು ಅವನು ತೀರಿಕೊಂಡ ಮೇಲೆ, 1670ರಲ್ಲಿ, ಪುಸ್ತಕವಾದವು. ನಂಬಿಕೆ ಬರುತ್ತಿಲ್ಲ ಎನ್ನುವವರಿಗೆ ಅವನು ಅದರಲ್ಲಿ ಒಂದು ದಾರಿ ತೋರಿಸುತ್ತಾನೆ: ನಂಬಿದವರು ಮಾಡುವುದನ್ನೆಲ್ಲ ನೀವೂ ಮಾಡುತ್ತ ಹೋಗಿ, ನಂಬಿಕೆ ತಾನಾಗಿ ಹಿಂದೆ ಬರುತ್ತದೆ. ನನ್ನಲ್ಲಿ ಅದು ಬರಲಿಲ್ಲ. ರೂಢಿ ಬಂತು, ಅಲ್ಲಿಗೇ ನಿಂತಿತು. ಅದನ್ನು ಆತ್ಮವಂಚನೆ ಎಂದು ಕರೆಯಬೇಕೋ ಏನೋ ಎಂದು ಬಹಳ ದಿನ ಯೋಚಿಸಿದ್ದೇನೆ.

ಮಗಳು ಜ್ವರ ಇಳಿಯದೆ ಆಸ್ಪತ್ರೆ ಸೇರಿದ್ದಾಗ, ಬಟ್ಟೆಬರೆ ತರಲೆಂದು ಸಂಜೆ ಮನೆಗೆ ಬಂದೆ. ಚೀಲ ತುಂಬಿಕೊಳ್ಳುವ ಮೊದಲು ಕೈಕಾಲು ತೊಳೆದು ದೇವರ ಗೂಡಿನ ಮುಂದೆ ಕುಳಿತೆ. ದಿನವೂ ಎಳ್ಳೆಣ್ಣೆ ಹಾಕುವವಳು ಅಂದು ತುಪ್ಪದ ಡಬ್ಬಿ ತೆಗೆದೆ. ಹೂಬತ್ತಿಯನ್ನು ತುಪ್ಪದಲ್ಲಿ ಅದ್ದಿ, ಬೆರಳ ತುದಿಯಲ್ಲಿ ಹಿಂಡಿ ನೆಟ್ಟಗೆ ನಿಲ್ಲಿಸುವಾಗ ನನ್ನ ಕೈ ನಡುಗುತ್ತಿತ್ತು. ಎಣ್ಣೆ ಬಿಟ್ಟು ತುಪ್ಪ ಯಾಕೆ ಎಂದು ಆಗ ಯಾರಾದರೂ ಕೇಳಿದ್ದರೆ ಬಾಯಿಬಿಟ್ಟು ಹೇಳಲಾಗುತ್ತಿರಲಿಲ್ಲ. ಉತ್ತರ ಮಾತ್ರ ಗೊತ್ತಿತ್ತು.

ಮಗಳು ಹುಷಾರಾದಳು. ಪಕ್ಕದ ಹಾಸಿಗೆಯ ಹುಡುಗನ ತಾಯಿ ಹರಕೆ ಹೊತ್ತು ದಿಂಬಿನ ಕೆಳಗೆ ತಾಯತ ಇಟ್ಟಿದ್ದಳು. ನಾವು ಮನೆಗೆ ಹೊರಟ ದಿನ ಆ ಹುಡುಗನನ್ನು ಐಸಿಯುಗೆ ಒಯ್ದರು. ನನ್ನ ದೀಪ ಫಲಿಸಿತು ಎಂದುಕೊಂಡರೆ ಅವಳ ಹರಕೆ ಫಲಿಸಲಿಲ್ಲ ಎಂದೂ ಹೇಳಬೇಕಾಗುತ್ತದೆ. ಅದನ್ನು ಹೇಳುವ ಹಕ್ಕು ನನಗಿಲ್ಲ. ರಾಯರ ಪ್ರಶ್ನೆ ಪುಟದಿಂದ ಎದ್ದು ಬಂದು ಆ ವಾರ್ಡಿನಲ್ಲಿ ನನ್ನೆದುರು ನಿಂತಿತ್ತು.

ಮತದ ಬುಡದಲ್ಲಿರುವುದು ಮುಖ್ಯವಾಗಿ ಭಯವೇ ಎಂದು ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1927ರಲ್ಲಿ ಲಂಡನ್ನಿನ ಒಂದು ಉಪನ್ಯಾಸದಲ್ಲಿ ಹೇಳಿದರು. ನನ್ನ ತುಪ್ಪದ ದೀಪದ ಮಟ್ಟಿಗೆ ಅದು ಪೂರಾ ನಿಜ. ದಿನದ ಎಣ್ಣೆದೀಪದ ಮಟ್ಟಿಗೆ ನಿಜವಲ್ಲ. ಏನೂ ಆಗದ, ಅಡುಗೆ ಮುಗಿದು ಮಗಳು ಪಾಠ ಓದುತ್ತಿರುವ ಸಂಜೆಗಳಲ್ಲಿ ಬತ್ತಿ ಹೊತ್ತಿಸುವಾಗ ನನ್ನೊಳಗೆ ಏಳುವುದು ಕೃತಜ್ಞತೆ. ಯಾರಿಗೆ ಎಂಬುದಕ್ಕೆ ನನ್ನಲ್ಲಿ ಹೆಸರಿಲ್ಲ. ಆ ವಾರ್ಡಿನಿಂದ ಬಂದ ಮೇಲೆ ದೀಪದ ಮುಂದೆ ಏನನ್ನೂ ಬೇಡುವುದಿಲ್ಲ. ನಾಳೆ ಮಗಳಿಗೆ ಮತ್ತೆ ಜ್ವರ ಬಂದರೆ ತುಪ್ಪದ ಡಬ್ಬಿಗೆ ಕೈ ಹೋಗುವುದಿಲ್ಲ ಎಂದು ಮಾತ್ರ ಆಣೆಮಾಡಿ ಹೇಳಲಾರೆ.