ಫಾರ್ಮ್ಯಾಟ್ ಹೊಡಿಯೂಕಿಂತ ಮೊದಲ

ಖಾನಾಪುರಕ್ಕ ಹೋದಾಗೆಲ್ಲಾ ನಮ್ಮವ್ವ ಹಾಡೂ ಸೋಬಾನ ಪದ, ಬೀಸೂಕಲ್ಲಿನ ಪದ ಅಲ್ಲಿದ್ದ ಹಳೇ ಕಂಪ್ಯೂಟರಿನಾಗ ಟೈಪ್ ಮಾಡಿ ಇಡ್ತಿದ್ದೆ. 114 ಪದ ಆಗಿದ್ವು. ಹೋದ ಮಳಿಗಾಲದಾಗ ಆ ಕಂಪ್ಯೂಟರ್ ಹಟಾ ಹಿಡೀತು.

ಖಾನಾಪುರದ ಮಳಿ ನಿಮಗ ಗೊತ್ತೈತೆಲ್ಲ, ಅರಿವಿ ವಾರಗಟ್ಲೆ ಒಣಗೂದಿಲ್ಲ. ಕರೆಂಟಂತೂ ಬರ್ತೈತಿ, ಹೋಗ್ತೈತಿ. ಮೊದ್ಲು ಟೈಮ್ ತಪ್ಪಾಕತ್ತು. ಚಾಲೂ ಮಾಡಿದಾಗೊಮ್ಮೆ ಹತ್ತು ವರ್ಷದ ಹಿಂದಿನ ತಾರೀಖು ತೋರಸೂದು, ಹಂಗಾಗಿ ಇಂಟರ್ನೆಟ್ಟಿನ ಪುಟಾನೂ ತೆರೀತಿರಲಿಲ್ಲ. ಅದು ಒಳಗಿನ ಬಿಲ್ಲಿಯಂಥಾ ಸೆಲ್ಲಿನ ತ್ರಾಸು, ಸಿಆರ್ 2032 ಅಂತ ಕೇಳಿದ್ರ ವಾಚಿನ ಅಂಗಡ್ಯಾಗೂ ಸಿಗ್ತೈತಿ. ಹಾಕಿದೆ, ಸರಿ ಆತು. ಆಮ್ಯಾಲ ನೀಲಿ ಪರದೆ ಬಂದು ತಾನ ಬಂದ್ ಆಗಾಕತ್ತು. ಡಬ್ಬಿ ಬಿಚ್ಚಿದ್ರ ಒಳಗ ಹಲ್ಲಿ ತತ್ತಿ! ಧೂಳಾ ಝಾಡಿಸಿ, ರ‍್ಯಾಮಿನ ಪಟ್ಟಿ ತಗದು ಅದರ ಬಂಗಾರದ ಅಂಚನ್ನ ರಬ್ಬರಲೇ ತಿಕ್ಕಿ ಹಾಕಿದ್ವಿ. ಎರಡು ದಿನ ಚಂದ ನಡೀತು. ಆ ಎರಡು ದಿನದಾಗ ಪದ ಎಲ್ಲಾ ಪೆನ್‌ಡ್ರೈವಿಗೆ ತಕ್ಕೋಬೇಕಾಗಿತ್ತು. ನಾ ಉಪ್ಪಿನಕಾಯಿ ಹಾಕ್ಕೋತ ಕುಂತೆ. ಮೂರನೇ ದಿನ ಒಳಗಿಂದ ಟಕ್ ಟಕ್ ಅನ್ನೂ ಸಪ್ಪಳ.

ಡಬ್ಬಿ ಚೀಲದಾಗ ಹಾಕ್ಕೊಂಡು ಬಸ್ಸಿನಾಗ ಬೆಳಗಾವಿಗೆ ತಂದೆ. ಇಲ್ಲಿ ಒಂದು ಅಂಗಡ್ಯಾಗ ಕೊಟ್ರ, ‘ಫಾರ್ಮ್ಯಾಟ್ ಹೊಡದು ಸಂಜಿಕೆ ಕೊಡ್ತೀನ್ರಿ, ಡಿ ಡ್ರೈವಿಗೇನೂ ಆಗೂದಿಲ್ಲ’ ಅಂದ ಹುಡುಗ. ಅಡ್ಡಿಯಿಲ್ಲ ಅನ್ನಾಕಿನೇ ಇದ್ದೆ. ಆವಾಗ ಬಾಜೂಕ ನಿಂತಿದ್ದ ನಮ್ಮಕ್ಕನ ಮಗ ಕೇಳಿದ, ‘ಮೌಶಿ, ಪದ ಎಲ್ಲಿ ಇಟ್ಟಿದ್ದಿ?’

‘ಎದುರಿಗೇ, ಡೆಸ್ಕ್‌ಟಾಪ್ ಮ್ಯಾಲ.’

‘ಡೆಸ್ಕ್‌ಟಾಪ್ ಅಂದ್ರ ಸಿ ಡ್ರೈವ್ ಮೌಶಿ. ಎಲ್ಲಾ ಹೋಗ್ತಿದ್ವು.’

ನನ್ನ ಕೈಕಾಲು ತಣ್ಣಗಾದ್ವು. ಎದುರಿಗೆ ಕಾಣೂದು ಭದ್ರ ಐತಿ ಅಂತ ಇಷ್ಟು ವರ್ಷ ತಿಳಕೊಂಡಿದ್ದೆ. ನಿಮ್ಮನ್ಯಾಗೂ ನೋಡ್ರಿ ಅಕ್ಕಾರ, ಮಕ್ಕಳ ಫೋಟೋ ಎಲ್ಲಾ ಅಲ್ಲೇ ಇರ್ತಾವ.

ಡಬ್ಬಿ ವಾಪಸ್ ಮನೀಗೆ ತಂದ್ವಿ. ಟಕ್ ಟಕ್ ಅಂದ್ರ ಹಾರ್ಡ್ ಡಿಸ್ಕ್ ಸಾಯಾಕತ್ತೈತಿ, ಸುಮ್ನ ಮತ್ತ ಮತ್ತ ಚಾಲೂ ಮಾಡಬ್ಯಾಡ ಅಂದ. ತನ್ನ ಲ್ಯಾಪ್‌ಟಾಪಿನಾಗ ಲಿನಕ್ಸ್ ಮಿಂಟ್ ಇಳಿಸಿ ಪೆನ್‌ಡ್ರೈವಿಗೆ ಹಾಕಿದ. ಆ ಪೆನ್‌ಡ್ರೈವಿನಿಂದನ ಕಂಪ್ಯೂಟರ್ ಎದ್ದು ಕುಂಡ್ರತೈತಿ, ಕೆಟ್ಟ ವಿಂಡೋಸಿನ ಹಂಗಿಲ್ಲ. ಫೋಟೋ ಭಾಳ ಅದಾವು, ಅವು ಆಮ್ಯಾಲ, ಮೊದ್ಲು ಪದ ಅಂದೆ. ಡಿಸ್ಕ್ ಎಷ್ಟೊತ್ತು ಜೀವ ಹಿಡೀತೈತೋ ಯಾರಿಗ್ಗೊತ್ತು. ರಾತ್ರಿ ಹನ್ನೊಂದರ ತನಕ ಕಾಪಿ ಆತು. 112 ಪದ ಬಂದ್ವು. ಎರಡು ಬರಲೇ ಇಲ್ಲ.

ಮರುದಿನ ಹೊಸಾ 256 ಜಿಬಿ ಎಸ್‌ಎಸ್‌ಡಿ ಹಾಕಿದ್ವಿ. ವಿಂಡೋಸ್ 10ಕ್ಕ ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14ಕ್ಕ ಸಪೋರ್ಟ್ ನಿಲ್ಲಿಸ್ಯಾರ. 11 ಹಾಕೂಣಂದ್ರ ಟಿಪಿಎಂ 2.0 ಅನ್ನೂದು ಬೇಕಂತ, ನಮ್ಮ ಮುದಿ ಡಬ್ಬಿಗೆ ಅದೆಲ್ಲಿಂದ ಬರ್ಬೇಕು? ಅದಕ್ಕ ಮಿಂಟನ್ನೇ ಕಾಯಂ ಹಾಕಿದ್ವಿ. ಅರ್ಧಾ ತಾಸಿನ ಕೆಲಸ.

ಖುಷಿಲೇ ಪದ ತೆರದ್ರ, ಅಯ್ಯೋ ದೇವರ! ಟೋಪಿ ಹಾಕ್ಕೊಂಡ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ಕನ್ನಡ ಒಂದೂ ಇಲ್ಲ. ಕಾಪಿ ಮಾಡೂವಾಗ ಕೆಟ್ಟಾವು ಅಂತ ಅತ್ತೇಬಿಟ್ಟೆ. ಕೆಟ್ಟಿದ್ದಿಲ್ಲ. ನಾ ಟೈಪ್ ಮಾಡಿದ್ದು ಹಳೇ ನುಡಿ ಫಾಂಟಿನಾಗ. ಅದರಾಗ ಒಳಗ ಇರೂದು ಇಂಗ್ಲಿಷ್ ಅಕ್ಷರದ ನಂಬರನ, ಮ್ಯಾಲ ಫಾಂಟು ಕನ್ನಡದ ವೇಷ ಹಾಕಿರ್ತೈತಿ. ಫಾಂಟ್ ಇಲ್ಲಂದ್ರ ವೇಷ ಕಳಚಿ ಬೀಳ್ತೈತಿ. ಕನ್ವರ್ಟರಿಗೆ ಹಾಕಿ ಯೂನಿಕೋಡ್ ಮಾಡಿದ್ವಿ. ಕೆಲವೊಂದು ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲೆ ತಪ್ಪಿದ್ವು, ಒಂದೊಂದ ಕುಂತು ತಿದ್ದೀನಿ.

ಹೋದ ಎರಡು ಪದಕ್ಕ ಅವ್ವಗ ಫೋನ್ ಹಚ್ಚಿದೆ. ಒಂದು ಪೂರಾ ಹಾಡಿದ್ಲು. ಇನ್ನೊಂದರಾಗ ಮೂರು ಸಾಲು ಆದಮ್ಯಾಲ ನಿಂತಳು. ‘ಮುಂದಿಂದು ಮರತೈತಿ ತಂಗಿ. ನೀ ಬರಕೊಂಡಿದ್ದೆಲ್ಲ?’ ಅಂದ್ಲು.

ಏನ್ ಹೇಳಲಿ? ಯಾರಿಗಾರ ‘ನೀರಿಗ್ಹ್ವಾದಾಕಿ’ ಅಂತ ಸುರು ಆಗೂ ಪದ ಪೂರಾ ಬರತಿದ್ರ ನನಗ ಫೋನ್ ಹಚ್ರಿ, ಅದರ ಜಾಗಾ ಖಾಲಿ ಇಟ್ಟೀನಿ. ಈಗ ಒಂದು ಪೆನ್‌ಡ್ರೈವ್ ನನ್ನ ಕಡೆ ಐತಿ, ಇನ್ನೊಂದು ಖಾನಾಪುರದಾಗ ಅವ್ವನ ಟ್ರಂಕಿನಾಗ, ರೇಷ್ಮಿ ಸೀರಿ ಮಡಿಕಿ ಒಳಗ.