ಮುಖಬೆಲೆ ಐದು, ಮೈಬೆಲೆ ಎಂಟೂವರೆ

ಹಳೆಯ ಐದು ರೂಪಾಯಿ ನಾಣ್ಯಕ್ಕೆ ಒಂದು ಗತ್ತಿತ್ತು. 1992ರಲ್ಲಿ ಶುರುವಾಗಿ ಹತ್ತು ಹನ್ನೆರಡು ವರ್ಷ ನಡೆದ ಆ ದಪ್ಪನೆಯ ಬಿಳಿ ನಾಣ್ಯ ಅಂಗೈಗೆ ಬಿದ್ದರೆ ಬಿದ್ದದ್ದು ಗೊತ್ತಾಗುತ್ತಿತ್ತು. ಅದರ ಅಂಚಿನ ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆ. ಉಗುರಿಟ್ಟು ತಿರುಗಿಸಿದರೆ ಉಗುರು ಅದರೊಳಗೆ ಇಳಿಯುತ್ತದೆ. ತೂಕ 9 ಗ್ರಾಂ. ಅದರಲ್ಲಿ ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕ್ಕಲ್. ಇಷ್ಟು ತಿಳಿದ ಮೇಲೆ ಅದನ್ನು ಕೊಟ್ಟು ಬಾಳೆಹಣ್ಣು ತರಲು ನನಗಂತೂ ಮನಸ್ಸು ಬರುವುದಿಲ್ಲ.

ಲೆಕ್ಕ ಸರಳ. ಲೋಹದ ಧಾರಣೆ ದಿನಾ ಏರಿಳಿಯುತ್ತದೆ. ಲೆಕ್ಕಕ್ಕೆಂದು ತಾಮ್ರಕ್ಕೆ ಕಿಲೋಗೆ 800 ರೂಪಾಯಿ, ನಿಕ್ಕಲ್‌ಗೆ 1,400 ರೂಪಾಯಿ ಎಂದಿಟ್ಟುಕೊಳ್ಳಿ. ಆ ಐದರ ನಾಣ್ಯದೊಳಗೆ 5 ರೂಪಾಯಿ 40 ಪೈಸೆಯ ತಾಮ್ರ ಇದೆ, 3 ರೂಪಾಯಿ 15 ಪೈಸೆಯ ನಿಕ್ಕಲ್ ಇದೆ. ಕೂಡಿದರೆ ಎಂಟೂವರೆ ದಾಟಿತು. ಭಾರತದ ನಕಾಶೆ ಹೊತ್ತಿದ್ದ ಹನ್ನೊಂದು ಮೂಲೆಯ ಎರಡು ರೂಪಾಯಿಯೂ ಇದೇ ಮಿಶ್ರಲೋಹ, 6 ಗ್ರಾಂ. ಅದರ ಮೈಬೆಲೆ 5 ರೂಪಾಯಿ 70 ಪೈಸೆ. ಎಲ್ಲಕ್ಕಿಂತ ಸೊಗಸು 1975ರಲ್ಲಿ ಬಂದ ದೊಡ್ಡ ಒಂದು ರೂಪಾಯಿ. ಅದು 8 ಗ್ರಾಂ. ಒಂದು ಎಂದು ಹಣೆಯ ಮೇಲೆ ಬರೆಸಿಕೊಂಡು, ಏಳೂವರೆ ರೂಪಾಯಿಯ ಸರಕನ್ನು ಹೊಟ್ಟೆಯಲ್ಲಿಟ್ಟುಕೊಂಡು ಊರೂರು ತಿರುಗಿದ ಮಹಾನುಭಾವ. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುತ್ತಾರೆ. ಈ ರೂಪಾಯಿ ಇದ್ದರೆ ಒಂದು, ಸತ್ತರೆ ಏಳೂವರೆ. ಆದರೆ ಸಾಯಿಸುವ ಹಾಗಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈ ಹುಚ್ಚಿಗೆ ಬಂಡವಾಳ ಬೇಡ. ಹತ್ತು ರೂಪಾಯಿ ಕೊಟ್ಟು ಹತ್ತು ರೂಪಾಯಿಯ ಚಿಲ್ಲರೆ ತೆಗೆದುಕೊಳ್ಳುವುದು, ಬೇಕಾದ್ದನ್ನು ಆರಿಸಿಕೊಳ್ಳುವುದು, ಉಳಿದದ್ದನ್ನು ಮತ್ತೆ ಪೇಟೆಗೆ ಬಿಡುವುದು, ಇಷ್ಟೇ. ನಮ್ಮ ಬೀದಿಯ ಕಿರಾಣಿ ಅಂಗಡಿಯ ಅಕ್ಕನಿಗೆ ನನ್ನ ಚಾಳಿ ಗೊತ್ತು. ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿ ನನ್ನ ಪಾಲಿನದನ್ನು ಬೇರೆ ತೆಗೆದಿಟ್ಟಿರುತ್ತಾರೆ.

“ಸಾರ್, ಈ ವಾರ ಎರಡೇ ಸಿಕ್ತು. ಮೂಲೆ ಮೂಲೆ ಇರುತ್ತಲ್ಲ, ಅದು.”

“ಸಾಕು ಬಿಡಕ್ಕ, ಅಷ್ಟಾದರೂ ಬಂತಲ್ಲ.”

“ಇದನ್ನ ಇಟ್ಕೊಂಡು ಏನ್ ಮಾಡ್ತೀರ? ಬಡ್ಡಿ ಬರುತ್ತಾ?”

ಬಡ್ಡಿ ಬರುವುದಿಲ್ಲ. ಐದು ರೂಪಾಯಿಯನ್ನು ಶೇಕಡಾ 7ರ ಬಡ್ಡಿಗೆ ಇಟ್ಟು ಮರೆತಿದ್ದರೆ ಮೂವತ್ತು ವರ್ಷಕ್ಕೆ 38 ರೂಪಾಯಿ ಆಗುತ್ತಿತ್ತು. ನನ್ನ ಡಬ್ಬಿಯಲ್ಲಿರುವುದು ಅಷ್ಟೇ ಕಾಲ ಕಾದು ಎಂಟೂವರೆ ಆಗಿದೆ, ಅದೂ ಕಾಗದದ ಮೇಲೆ. ಹೂಡಿಕೆ ಎಂದು ಯಾರಾದರೂ ಈ ದಾರಿ ಹಿಡಿದರೆ ಅವರಿಗೆ ಬುದ್ಧಿ ಹೇಳಬೇಕು. ಇದು ಹೂಡಿಕೆಯಲ್ಲ, ಕೈಗೂ ಕಿವಿಗೂ ಕೊಡುವ ಕೆಲಸ.

ಕೆಲಸ ಶುರುವಾಗುವುದು ಅಯಸ್ಕಾಂತದಿಂದ. ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತ ಬಳೆಯಂಥದ್ದೊಂದು ನನ್ನ ಬಳಿ ಇದೆ. ಹಳೆಯ ಚಿಲ್ಲರೆಯನ್ನು ಚಾಪೆಯ ಮೇಲೆ ಸುರುವಿ, ಅದನ್ನು ಒಂದು ಗೇಣು ಮೇಲಿನಿಂದ ನಿಧಾನವಾಗಿ ಇಳಿಸುತ್ತೇನೆ. ಸ್ಟೀಲಿನ ನಾಣ್ಯಗಳು ಮೊದಲು ಮಿಸುಕುತ್ತವೆ, ಅಂಚಿನ ಮೇಲೆ ಎದ್ದು ನಿಲ್ಲುತ್ತವೆ, ಆಮೇಲೆ ಟಪಟಪ ಹಾರಿ ಒಂದರ ಬೆನ್ನಿಗೊಂದು ಜೋತು ಬೀಳುತ್ತವೆ. ಕೆಳಗೆ ಅಲುಗಾಡದೆ ಕೂತವು ಎರಡು ಜಾತಿ: ಊದಿದರೆ ಸರಿಯುವಷ್ಟು ಹಗುರವಾದ ಅಲ್ಯೂಮಿನಿಯಂ ಪೈಸೆಗಳು, ಮತ್ತು ನಮ್ಮ ತಾಮ್ರ ನಿಕ್ಕಲ್‌ನವು. ನಿಕ್ಕಲ್ ಅಯಸ್ಕಾಂತಕ್ಕೆ ಅಂಟುವ ಲೋಹ. ಆದರೆ ಮುಕ್ಕಾಲು ಪಾಲು ತಾಮ್ರದ ಸಹವಾಸಕ್ಕೆ ಬಿದ್ದ ಮೇಲೆ ಆ ಗುಣವನ್ನು ಪೂರ್ತಿ ಬಿಟ್ಟುಬಿಡುತ್ತದೆ.

ಹಾಗೆಂದು ಅಂಟಿದ್ದನ್ನೆಲ್ಲ ಸ್ಟೀಲು ಎಂದು ಎಸೆಯುವಂತಿಲ್ಲ. ಆ ಗೊಂಚಲಿನಲ್ಲೇ ಮಾಣಿಕ್ಯವೂ ಇರುತ್ತದೆ. 1957ರಲ್ಲಿ ದಶಮಾಂಶ ಪದ್ಧತಿ ಬಂದ ಮೇಲೆ ಮೊದಮೊದಲು ಐವತ್ತು ಪೈಸೆಯನ್ನೂ ಇಪ್ಪತ್ತೈದು ಪೈಸೆಯನ್ನೂ ಶುದ್ಧ ನಿಕ್ಕಲ್‌ನಲ್ಲೇ ಟಂಕಿಸುತ್ತಿದ್ದರು. ಅವೂ ಅಂಟುತ್ತವೆ. ಆಗ ಇಸವಿ ಓದಬೇಕು. ಸ್ಟೀಲಿನ ಸಣ್ಣ ನಾಣ್ಯ ಬಂದದ್ದು 1988ರಲ್ಲಿ. ಅದಕ್ಕಿಂತ ಹಿಂದಿನ ಎಂಟಾಣೆ ಅಂಟಿತೆಂದರೆ ಅದು ನಿಕ್ಕಲ್ಲೇ. 5 ಗ್ರಾಂ ತೂಗುವ ಅಂಥ ಎಂಟಾಣೆಯೊಳಗೆ ಮೇಲಿನ ಲೆಕ್ಕದಲ್ಲಿ ಏಳು ರೂಪಾಯಿ ಇದೆ. ನಿಕ್ಕಲ್‌ನದಕ್ಕೆ ಸ್ವಲ್ಪ ಬೆಚ್ಚನೆಯ ಬಿಳುಪು, ಸ್ಟೀಲಿನದಕ್ಕೆ ಹೊಸ ಲೋಟದ ತಣ್ಣನೆಯ ಹೊಳಪು. ಪಳಗಿದ ಕಣ್ಣು ಇಸವಿ ಓದುವ ಮೊದಲೇ ಬೇರ್ಪಡಿಸುತ್ತದೆ.

ಆಮೇಲೆ ಕಿವಿಯ ಸರದಿ. ಕಡಪಾ ಕಲ್ಲಿನ ಮೇಲೆ ಸ್ಟೀಲಿನ ರೂಪಾಯಿ ಹಾಕಿದರೆ ‘ಟಿಕ್’ ಎಂದು ಅಲ್ಲಿಗೆ ಮುಗಿಯಿತು. ಹಳೆಯ ದೊಡ್ಡ ರೂಪಾಯಿ ಹಾಕಿ ನೋಡಿ, ದನಿ ಎದ್ದು, ತಿರುಗಿ, ತಡವಾಗಿ ಕೂರುತ್ತದೆ. ನನ್ನ ಹೆಂಡತಿಗೆ ಈ ಸಂಗೀತದಲ್ಲಿ ಆಸಕ್ತಿಯಿಲ್ಲ. “ರೀ, ಕೈ ತೊಳೆದುಕೊಂಡು ಊಟಕ್ಕೆ ಬನ್ನಿ, ಆ ಚಿಲ್ಲರೆ ವಾಸನೆ ನನಗಾಗಲ್ಲ” ಎಂಬುದು ಕಚೇರಿ ಮುಗಿಯುವ ಮಂಗಳ.

ನಾಣ್ಯಗಳನ್ನು ತೂಕದ ಪ್ರಕಾರ ಸಾಲಾಗಿ ಜೋಡಿಸಿದರೆ ರೂಪಾಯಿ ಸೊರಗಿದ ಕಥೆ ಕಣ್ಣೆದುರಿಗೆ ಬರುತ್ತದೆ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ. ಗಣರಾಜ್ಯವಾದ ಮೇಲೆ 1962ರಲ್ಲಿ ಬಂದ ನಿಕ್ಕಲ್ ರೂಪಾಯಿ 10 ಗ್ರಾಂ. 1975ರದ್ದು 8. 1983ರ ಹೊತ್ತಿಗೆ 6. 1992ರಲ್ಲಿ ಸ್ಟೀಲಾಗಿ 4.85. 2011ರಲ್ಲಿ 3.79. ಲೋಹವೂ ಇಳಿಯಿತು, ತೂಕವೂ ಇಳಿಯಿತು, ಒಂದು ಎಂಬ ಅಂಕಿ ಮಾತ್ರ ಕದಲಲಿಲ್ಲ. ಇದರಲ್ಲಿ ಸರ್ಕಾರದ ತಪ್ಪೇನೂ ನನಗೆ ಕಾಣುವುದಿಲ್ಲ. ಮೈಬೆಲೆ ಮುಖಬೆಲೆಯನ್ನು ದಾಟಿದ ದಿನವೇ ನಾಣ್ಯ ಅಂಗಡಿ ಬಿಟ್ಟು ಕುಲುಮೆಯ ಕಡೆ ನಡೆಯುತ್ತದೆ. ಅದನ್ನು ತಡೆಯಬೇಕಾದರೆ ನಾಣ್ಯವನ್ನು ಬಡವಾಗಿಸಲೇಬೇಕು. ಅಷ್ಟಾದರೂ ಖರ್ಚು ಬಿಡುವುದಿಲ್ಲ: ಮಾಹಿತಿ ಹಕ್ಕಿನಲ್ಲಿ ಟಂಕಸಾಲೆ ಕೊಟ್ಟ ಉತ್ತರವೊಂದು 2018ರಲ್ಲಿ ಹೊರಬಂದಿತ್ತು. ಅದರ ಪ್ರಕಾರ ಒಂದು ರೂಪಾಯಿ ನಾಣ್ಯ ಮಾಡಲು ತಗಲುವುದು 1 ರೂಪಾಯಿ 11 ಪೈಸೆ.

ಜನ ಮೊದಲಿನಿಂದಲೂ ಇದನ್ನು ಬಲ್ಲರು. ಅರ್ಥಶಾಸ್ತ್ರದ ಪಾಠದಲ್ಲಿ ಗ್ರೆಷಮ್‌ನ ಸೂತ್ರ ಎಂದು ಓದಿಸುತ್ತಾರಲ್ಲ, ಕೆಟ್ಟ ಹಣ ಒಳ್ಳೆಯ ಹಣವನ್ನು ಓಡಿಸುತ್ತದೆಂದು, ಅದನ್ನು ನಮ್ಮ ಅಜ್ಜಿಯರು ಓದದೆಯೇ ನಡೆಸಿಕೊಂಡು ಬಂದವರು. ಮೊದಲ ಮಹಾಯುದ್ಧದಲ್ಲಿ ಬೆಳ್ಳಿಯ ಬೆಲೆ ಏರಿದ್ದೇ ತಡ, ರೂಪಾಯಿಗಳು ಪೆಟ್ಟಿಗೆ ಸೇರಿದವು. ಸರ್ಕಾರ 1917ರಲ್ಲಿ ಒಂದು ರೂಪಾಯಿಯ ನೋಟು ತರಬೇಕಾಯಿತು. ಅಷ್ಟಕ್ಕೂ ಸಾಲದೆ, ಅಮೆರಿಕ 1918ರಲ್ಲಿ ಪಿಟ್‌ಮನ್ ಕಾಯ್ದೆ ಮಾಡಿ ತನ್ನ ಸುಮಾರು 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಆ ಬೆಳ್ಳಿಯ ಬಹುಪಾಲು ಬ್ರಿಟನ್ನಿನ ಮೂಲಕ ನಮ್ಮ ರೂಪಾಯಿಗೆಂದೇ ಬಂತು. ನಮ್ಮವರ ಸೆರಗಿನ ಗಂಟು ತುಂಬಿಸಲು ಅಮೆರಿಕದ ಖಜಾನೆ ಕರಗಿತು ಎಂದರೆ ಉತ್ಪ್ರೇಕ್ಷೆಯೇನಲ್ಲ.

ಎರಡನೆಯ ಯುದ್ಧದಲ್ಲಿ ಅದೇ ಆಟ ಮತ್ತೆ ನಡೆಯಿತು. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರಲ್ಲಿ ಬೆಳ್ಳಿಯೇ ಹೋಗಿ ಹುಲಿಯ ಚಿತ್ರವಿದ್ದ ನಿಕ್ಕಲ್ ರೂಪಾಯಿ ಬಂತು. ತಾಮ್ರಕ್ಕೂ ಬರ. ಅದಕ್ಕೆ ಕಂಡ ಉಪಾಯವೇ ತೂತು ಕಾಸು. 1943ರಿಂದ 1947ರವರೆಗೆ ಟಂಕಿಸಿದ ಒಂದು ಪೈಸೆ, ನಡುವೆ ದುಂಡನೆಯ ತೂತು. ಆ ತೂತಿನಷ್ಟು ಕಂಚು ಉಳಿಯಿತು, ನಿಜ. ಜನ ಏನು ಮಾಡಿದರು? ಬೋಲ್ಟಿಗೆ ವಾಷರ್ ಆಯಿತೆಂದು ಹಾಕಿಕೊಂಡರು, ದಾರ ಪೋಣಿಸಿ ಮಗುವಿನ ಸೊಂಟಕ್ಕೆ ಕಟ್ಟಿದರು. ನಾಣ್ಯವನ್ನು ವಸ್ತುವಾಗಿ ನೋಡುವ ಕಣ್ಣು ನಮ್ಮಲ್ಲಿ ಯಾವಾಗಲೂ ಚುರುಕು.

ಕೆಲವೊಮ್ಮೆ ಆ ಕಣ್ಣು ಇಲ್ಲದ್ದನ್ನೂ ಕಾಣುತ್ತದೆ. 1968ರ ಸುಮಾರಿಗೆ ಕಮಲದ ಚಿತ್ರವಿದ್ದ ಇಪ್ಪತ್ತು ಪೈಸೆ ಬಂತು, ಮರುವರ್ಷ ಶತಮಾನೋತ್ಸವಕ್ಕೆಂದು ಗಾಂಧೀಜಿಯ ಮುಖದ್ದು. ಹಳದಿ ಬಣ್ಣ ನೋಡಿ, ಅದರಲ್ಲಿ ಚಿನ್ನ ಬೆರೆಸಿದ್ದಾರೆ ಎಂದು ನಮ್ಮ ಕಡೆ ಎಲ್ಲರೂ ನಂಬಿದ್ದರು. ಅಕ್ಕಿ ಡಬ್ಬಿಯ ತಳದಲ್ಲಿ ಬಚ್ಚಿಟ್ಟವರಿದ್ದರು. ಉಂಗುರ ಮಾಡಿಕೊಡಪ್ಪಾ ಎಂದು ಅಕ್ಕಸಾಲಿಗನನ್ನು ಕಾಡಿದವರೂ ಇದ್ದರು. ಗಾಂಧಿ ನಾಣ್ಯದಲ್ಲಿದ್ದದ್ದು ಅಲ್ಯೂಮಿನಿಯಂ ಕಂಚು: ತಾಮ್ರಕ್ಕೆ ಒಂದಿಷ್ಟು ಅಲ್ಯೂಮಿನಿಯಂ ಸೇರಿದರೆ ಬರುವ ಬಂಗಾರದ ಬಣ್ಣ, ಅಷ್ಟೇ. ಈಗಲೂ ಯಾರದಾದರೂ ಮನೆಯ ದೇವರ ಗೂಡಿನಲ್ಲಿ ಅದು ಕುಂಕುಮ ಹಚ್ಚಿಸಿಕೊಂಡು ಕೂತಿರುತ್ತದೆ. ನಾನು ಬಿಡಿಸಿ ಹೇಳಲು ಹೋಗುವುದಿಲ್ಲ.

ಲೋಹ ಕೀಳಾದರೆ ಕಳ್ಳರಿಗೆ ಬೇಡವಾಗುತ್ತದೆ ಎಂದುಕೊಂಡರೆ ಅದೂ ಸುಳ್ಳು. 2007ರಲ್ಲಿ ಕೋಲ್ಕತ್ತದಲ್ಲಿ ಚಿಲ್ಲರೆಗೆ ಹಾಹಾಕಾರವಾಯಿತು. ಸ್ಟೀಲಿನ ರೂಪಾಯಿಗಳು ಗಡಿ ದಾಟಿ ಬಾಂಗ್ಲಾದೇಶದಲ್ಲಿ ಕ್ಷೌರದ ಬ್ಲೇಡುಗಳಾಗುತ್ತಿವೆ, ಒಂದು ನಾಣ್ಯದಿಂದ ಐದಾರು ಬ್ಲೇಡು ಏಳುತ್ತವೆ ಎಂದು ಪತ್ರಿಕೆಗಳು ಬರೆದವು. ಅಸ್ಸಾಮಿನ ಚಹಾ ತೋಟಗಳಲ್ಲಿ ಕೂಲಿಗೆ ಚಿಲ್ಲರೆಯಿಲ್ಲದೆ ರಟ್ಟಿನ ಚೀಟಿ ಕೊಡುತ್ತಿದ್ದರಂತೆ. ಗಲ್ಲದ ಮೇಲೆ ಆಡುವ ಬ್ಲೇಡಿನಲ್ಲಿ ನಮ್ಮ ಅಶೋಕ ಸ್ತಂಭದ ಸಿಂಹ ಅಡಗಿರಬಹುದೆಂಬುದು ಯೋಚಿಸಿದರೆ ತಮಾಷೆಯಾಗಿಯೇ ಇದೆ. ರಟ್ಟಿನ ಚೀಟಿ ಹಿಡಿದು ನಿಂತ ಕೂಲಿಯವರಿಗೆ ತಮಾಷೆಯಾಗಿರಲಿಕ್ಕಿಲ್ಲ.

ಅದಕ್ಕೇ ಕಾನೂನು ಕಟ್ಟುನಿಟ್ಟು. 1971ರ ಸಣ್ಣ ನಾಣ್ಯಗಳ ಅಪರಾಧ ಕಾಯ್ದೆ ಇದ್ದಷ್ಟು ಕಾಲ, ರೂಪಾಯಿಗಿಂತ ಕೆಳಗಿನ ನಾಣ್ಯವನ್ನು ಕರಗಿಸುವುದಿರಲಿ, ಅಗತ್ಯಕ್ಕಿಂತ ವಿಪರೀತ ಹೆಚ್ಚು ಕೂಡಿಟ್ಟುಕೊಳ್ಳುವುದೂ ಅಪರಾಧವಾಗಿತ್ತು. ಅದನ್ನೂ 1906ರ ಹಳೆಯ ಕಾಯ್ದೆಯನ್ನೂ ತೆಗೆದುಹಾಕಿ ಬಂದದ್ದು 2011ರ ನಾಣ್ಯ ಕಾಯ್ದೆ. ಅದರ ಪ್ರಕಾರ ನಾಣ್ಯ ಕರಗಿಸಿದರೆ ಏಳು ವರ್ಷದವರೆಗೆ ಸೆರೆ, ಮೇಲೆ ದಂಡ. ನಮ್ಮ ಪೇಟೆಯ ಗುಜರಿ ಅಂಗಡಿಯವನನ್ನು ಕುತೂಹಲಕ್ಕೆ ಕೇಳಿದ್ದೆ. “ಹಳೇ ತಂತಿ ತನ್ನಿ, ಹಂಡೆ ತನ್ನಿ, ತೂಕಕ್ಕೆ ಹಾಕ್ಕೋತೀನಿ. ಕಾಸು ಮಾತ್ರ ತರಬೇಡಿ ಸಾರ್, ನನ್ನ ಅಂಗಡಿ ಮುಚ್ಚಿಸಬೇಡಿ” ಎಂದು ಕೈ ಮುಗಿದ. ಅಮೆರಿಕದಲ್ಲೂ ಇದೇ ಪಾಡು. 1982ರ ಹಿಂದಿನ ಅಲ್ಲಿನ ಪೆನ್ನಿಯಲ್ಲಿ ಶೇಕಡಾ 95 ತಾಮ್ರ. ಅದನ್ನು ಯಂತ್ರವಿಟ್ಟು ಬೇರ್ಪಡಿಸಿ ಪೀಪಾಯಿಗಟ್ಟಲೆ ಕೂಡಿಟ್ಟವರಿದ್ದಾರೆ. 2006ರಲ್ಲಿ ಅಲ್ಲೂ ಕರಗಿಸುವುದನ್ನು ನಿಷೇಧಿಸಿದರು. 2025ರ ನವೆಂಬರಿನಲ್ಲಿ ಚಲಾವಣೆಗೆಂದು ಪೆನ್ನಿ ಟಂಕಿಸುವುದನ್ನೇ ನಿಲ್ಲಿಸಿದರು. ಕೂಡಿಟ್ಟವರು ಇನ್ನೂ ಕಾಯುತ್ತಿದ್ದಾರೆ, ಒಂದಲ್ಲ ಒಂದು ದಿನ ನಿಷೇಧ ಎತ್ತುತ್ತಾರೆಂದು. ನನಗೆ ಅಂಥ ಆಸೆಯಿಲ್ಲ. ಕರಗಿಸಲು ಬಿಟ್ಟರೂ ನಾನು ಕರಗಿಸುವವನಲ್ಲ. ಗಟ್ಟಿಯಾದ ಮೇಲೆ ಅದು ಬರಿಯ ತಾಮ್ರದ ತುಂಡು. ಗುಜರಿಯವನ ತಕ್ಕಡಿಯಲ್ಲಿ ಬೇಕಾದಷ್ಟಿದೆ.

ನಾಣ್ಯ ಸಂಗ್ರಹದ ಪಂಡಿತರಿಗೂ ನನಗೂ ಅಷ್ಟಕ್ಕಷ್ಟೇ. ಅವರಿಗೆ ಇಸವಿಯ ಕೆಳಗಿನ ಗುರುತು ಮುಖ್ಯ: ನಕ್ಷತ್ರವಿದ್ದರೆ ಹೈದರಾಬಾದು, ಚುಕ್ಕೆಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. 1985ರ ರೂಪಾಯಿಯಲ್ಲಿ ‘ಎಚ್’ ಅಕ್ಷರ ಕಂಡರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು ಎಂದು ಕುಣಿದಾಡುತ್ತಾರೆ. ಅವರಿಗೆ ಸವೆಯದ, ಯಾರೂ ಮುಟ್ಟದ ನಾಣ್ಯ ಬೇಕು. ನನಗೆ ಸವೆದದ್ದೇ ಇಷ್ಟ. ಗೋಧಿ ತೆನೆ ಅರ್ಧ ಮಾಸಿದ ರೂಪಾಯಿ ಎಷ್ಟು ಕಂಡಕ್ಟರುಗಳ ಚರ್ಮದ ಚೀಲ ಕಂಡಿದೆ, ಎಷ್ಟು ಮಂಗಳಾರತಿ ತಟ್ಟೆಯಲ್ಲಿ ಬಿದ್ದಿದೆ ಎಂಬುದು ಆ ಮಾಸಿದ ಜಾಗದಲ್ಲಿದೆ. ತಕ್ಕಡಿಗೆ ಹಾಕಿದರೆ ತುಸು ಕಡಿಮೆ ತೂಗಬಹುದು. ಆ ನಷ್ಟ ನನ್ನದಿರಲಿ.

ಹಳೆಯ ಚಿಲ್ಲರೆ ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ: ಮಗನ ಮಣ್ಣಿನ ಹುಂಡಿಯಲ್ಲಿ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ. ನಿಮ್ಮ ಎರಡು ರೂಪಾಯಿಗೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಮೊಬೈಲಿಗೆ ಬರುವ ಸಂದೇಶವನ್ನು ಮಾತ್ರ ನಂಬಬೇಡಿ. ಅದು ಮೋಸ, ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಚಿಲ್ಲರೆಯನ್ನು ಬ್ಯಾಂಕಿಗೆ ಕಟ್ಟುವ ಮೊದಲು ಒಂದು ಅಯಸ್ಕಾಂತ ಆಡಿಸಿ ನೋಡಿ. ಅಂಟದೆ ಉಳಿದ ಬಿಳಿಯ, ಭಾರದ ನಾಣ್ಯಗಳನ್ನು ಬೇರೆ ತೆಗೆದಿಡಿ. ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ, ಹಾಗೇ ಇರಲಿ. ಹಳದಿ ಐದು ರೂಪಾಯಿಯೂ ಅಂಟುವುದಿಲ್ಲ. ಅದು 2009ರಿಂದ ಈಚೆಗೆ ಬಂದ ನಿಕ್ಕಲ್ ಹಿತ್ತಾಳೆ, 6 ಗ್ರಾಂನದು, ಪೇಟೆಯಲ್ಲಿ ಬೇಕಾದಷ್ಟಿದೆ. ಅದನ್ನು ಧಾರಾಳವಾಗಿ ಖರ್ಚು ಮಾಡಿ.