ಸಮಾನ ಉಪವಾಕ್ಯ ಮತ್ತು 'ಮತ್ತು'

ಇಂಗ್ಲಿಷ್ ವ್ಯಾಕರಣದ 'ಕೋಆರ್ಡಿನೇಟ್ ಕ್ಲಾಸ್' ಎಂಬುದನ್ನು ನಾವು ಸಮಾನ ಉಪವಾಕ್ಯವೆಂದು ಕರೆಯುತ್ತ ಬಂದಿದ್ದೇವೆ. ಒಂದು ಇನ್ನೊಂದಕ್ಕೆ ಅಧೀನವಲ್ಲ. ಎರಡಕ್ಕೂ ಸ್ವಂತ ಕ್ರಿಯಾಪದವುಂಟು. ನಡುವೆ 'ಆಂಡ್', 'ಬಟ್', 'ಆರ್' ಮೊದಲಾದ ಕೊಂಡಿ. ನೆಸ್‌ಫೀಲ್ಡನ ಪರಂಪರೆಯ ಶಾಲಾ ವ್ಯಾಕರಣಗಳು ಈ ಸಂಬಂಧವನ್ನು ಸಮುಚ್ಚಯ, ವಿಕಲ್ಪ, ವಿರೋಧ, ಫಲ ಎಂದು ನಾಲ್ಕಾಗಿ ವಿಂಗಡಿಸಿದವು. ಕಂಠಪಾಠಕ್ಕೆ ಅನುಕೂಲವಾದ ವಿಂಗಡಣೆ, ಅಷ್ಟೆ.

ಕನ್ನಡಕ್ಕೆ ಬಂದಾಗ ತೊಡಕು. ನಮ್ಮ ಸಮುಚ್ಚಯದ 'ಉ' ನಾಮಪದಗಳನ್ನು ಸಲೀಸಾಗಿ ಜೋಡಿಸುತ್ತದೆ: 'ಅಣ್ಣನೂ ತಮ್ಮನೂ'. ಪೂರ್ಣಕ್ರಿಯಾಪದಕ್ಕೆ ಅದನ್ನು ಅಂಟಿಸಿ 'ಬಂದನೂ ಹೋದನೂ' ಎನ್ನಲಾರೆವು. ಆ ಸಲಿಗೆ 'ಓ'ಕಾರಕ್ಕೆ ಮಾತ್ರ: 'ಬಂದನೋ ಹೋದನೋ'. ನಾವು ಅವ್ಯಯವೆನ್ನುವ 'ಆದರೆ', 'ಆದ್ದರಿಂದ' ಎರಡೂ 'ಆಗು' ಧಾತುವಿನ ಮಕ್ಕಳು, 'ಅಥವಾ' ಸಂಸ್ಕೃತದ್ದು. ಎರಡು ಕ್ರಿಯೆಗಳನ್ನು ಪೋಣಿಸಬೇಕಾದರೆ ಕನ್ನಡವು ಸಾಮಾನ್ಯವಾಗಿ ಮೊದಲನೆಯದನ್ನು ಕೃದಂತವಾಗಿಸುತ್ತದೆ: 'ಬಂದು ಕುಳಿತನು'. ಮುಂಬಯಿಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಬಂದ ನಮ್ಮ ವಿದ್ಯಾರ್ಥಿಗಳು 'ಬಂದನು ಮತ್ತು ಕುಳಿತನು' ಎಂದು ಬರೆಯುತ್ತಾರೆ. ಬೀದಿಯಲ್ಲಿ ಕಿವಿಗೆ ಬೀಳುವ ಮರಾಠಿಯ 'ಆಣಿ' ಕೂಡ ಇದಕ್ಕೆ ಕುಮ್ಮಕ್ಕೆಂದು ನನ್ನ ಗುಮಾನಿ. ಆ 'ಮತ್ತು'ಗಳ ಮೇಲೆ ಕೆಂಪು ಗೆರೆ ಎಳೆಯುವುದು ನನ್ನ ವೃತ್ತಿಯ ನಿತ್ಯಕರ್ಮ.

ಒಮ್ಮೆ ಅನುವಾದದ ತರಗತಿಯಲ್ಲಿ ಈ ವಾಕ್ಯ ಕೊಟ್ಟಿದ್ದೆ: 'ದಿ ಸ್ಟ್ರೈಕ್ ಕಂಟಿನ್ಯೂಡ್ ಆಂಡ್ ದಿ ಮಿಲ್ಸ್ ಕ್ಲೋಸ್ಡ್.' 1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಆರಂಭವಾದ ಗಿರಣಿ ಮುಷ್ಕರ ಮನಸ್ಸಿನಲ್ಲಿತ್ತು. ವಿದ್ಯಾರ್ಥಿಯೊಬ್ಬ ಥಟ್ಟನೆ 'ಮುಷ್ಕರ ಮುಂದುವರಿದು ಗಿರಣಿಗಳು ಮುಚ್ಚಿದವು' ಎಂದ. ಕನ್ನಡದ ಜಾಯಮಾನಕ್ಕೆ ಒಪ್ಪುವ ವಾಕ್ಯ. ಹಿಂದಿನ ಸಾಲಿನ ಹುಡುಗಿಯೊಬ್ಬಳು, ಗಿರಣಿ ಕಾರ್ಮಿಕರ ಮಗಳು, ಎದ್ದು ನಿಂತಳು: "ಸರ್, ಹಾಗೆಂದರೆ ಮುಷ್ಕರದಿಂದಲೇ ಮುಚ್ಚಿದವು ಎಂದಾಗುವುದಿಲ್ಲವೆ? ನಮ್ಮ ತಂದೆ ಇದನ್ನು ಒಪ್ಪುವುದಿಲ್ಲ."

ಅವಳ ಆಕ್ಷೇಪ ಶುದ್ಧ ವ್ಯಾಕರಣದ್ದೇ ಆಗಿತ್ತು. 'ಮಳೆ ಬಂದು ಹೊಳೆ ತುಂಬಿತು' ಎನ್ನುವಾಗ ಕರ್ತೃಪದಗಳು ಬೇರೆಬೇರೆ. ಅಲ್ಲಿ ಕೃದಂತವು ಕಾಲಕ್ರಮದ ಜೊತೆಗೆ ಕಾರಣವನ್ನೂ ಹೊತ್ತು ತರುತ್ತದೆ. ಹಳೆಯ ಯಂತ್ರಗಳು, ಪವರ್‌ಲೂಮ್‌ಗಳ ಪೈಪೋಟಿ, ಗಿರಣಿ ನೆಲದ ಏರುತ್ತಿದ್ದ ಬೆಲೆ ಇವೆಲ್ಲ ಲೆಕ್ಕಕ್ಕೆ ಬರುವ ವಿವಾದದಲ್ಲಿ ಇಂಗ್ಲಿಷಿನ 'ಆಂಡ್' ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ಸುಮ್ಮನಾಗುತ್ತದೆ. ನಮ್ಮ ಕೃದಂತ ತೀರ್ಪು ಕೊಟ್ಟುಬಿಡುತ್ತದೆ. ಅವಳು ಬರೆದದ್ದು: 'ಮುಷ್ಕರ ಮುಂದುವರಿಯಿತು, ಗಿರಣಿಗಳು ಮುಚ್ಚಿದವು.' ಕೊಂಡಿಯಿಲ್ಲದ ಈ ಬರಿಯ ಸಾಮೀಪ್ಯವೇ ಕನ್ನಡದ ನಿಜವಾದ ಸಮಾನ ಉಪವಾಕ್ಯವೆಂದು ನನಗೆ ತೋರುತ್ತದೆ.

ಹಾಗೆಂದು 'ಆಂಡ್' ಸದಾ ತಟಸ್ಥವೇನಲ್ಲ. 'ವರ್ಕ್ ಹಾರ್ಡ್ ಆಂಡ್ ಯು ವಿಲ್ ಪಾಸ್' ಎಂಬುದರಲ್ಲಿ ರೂಪ ಸಮಾನವಾದರೂ ಅರ್ಥದಲ್ಲಿ ಷರತ್ತು ಅಡಗಿದೆ. 'ಕಷ್ಟಪಟ್ಟು ಓದಿದರೆ ಪಾಸಾಗುತ್ತೀ' ಎನ್ನುವ ಕನ್ನಡ ಆ ಗುಟ್ಟನ್ನು ಬಯಲು ಮಾಡುತ್ತದೆ.

'ಬಂದನು ಮತ್ತು ಕುಳಿತನು' ಎಂಬುದನ್ನು ನಾನು ಈಗಲೂ ತಿದ್ದುತ್ತೇನೆ. ಗಿರಣಿಯ ವಾಕ್ಯದಲ್ಲಿ ಯಾರಾದರೂ 'ಮತ್ತು' ಬಳಸಿದರೆ ಮಾತ್ರ ಕೆಂಪು ಗೆರೆ ಎಳೆಯುವ ಮೊದಲು ಏಕೆ ಬಳಸಿದಿರಿ ಎಂದು ಕೇಳುತ್ತೇನೆ.